ಪಾರಿಸಪ್ಪನ ಚಾರ್ಜಿಂಗ್ ಪಂಗತಿ

ಬನಹಟ್ಟಿಯ ಪಾರಿಸಪ್ಪನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲಿಲ್ಲ. ಹಾಗಂತ ಯಾರು ಹೇಳಿದರು ಎಂದು ಕೇಳಿದರೆ, ಪಾರಿಸಪ್ಪನೇ ಹೇಳಿದ್ದು. ನಲವತ್ತು ವರ್ಷಕ್ಕೂ ಮಿಕ್ಕಿ ಅವನ ಜೊತೆ ಸಂಸಾರ ಮಾಡಿದ ಹೀರಾಬಾಯಿಗೆ ಈ ವಿಷಯದಲ್ಲಿ ಬೇರೆ ಅಭಿಪ್ರಾಯವಿತ್ತು. ಅದನ್ನು ಅವಳು ಯಾರ ಮುಂದೆಯೂ ಹೇಳುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿಗೆ ಹೇಳುತ್ತಿದ್ದಳು. ಆ ಮನೆಯಲ್ಲಿ ಅವಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳುತ್ತಿದ್ದದ್ದು ಜೋಳದ ಹಿಟ್ಟೊಂದೇ.

ಗಂಡ ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಕುಡುಕನಾಗಿದ್ದರೆ ಬೆಳಗಾಗುವಷ್ಟರಲ್ಲಿ ಇಳಿಯುತ್ತಿತ್ತು ಎಂದು ಹೀರಾ ಎಷ್ಟೋ ಸಲ ಅಂದುಕೊಂಡಿದ್ದಳು. ಅವನ ತಿಳಿವಳಿಕೆ ಮಾತ್ರ ಯಾವ ಹೊತ್ತಿನಲ್ಲೂ ಇಳಿಯಲಿಲ್ಲ. ಮಗ್ಗದ ಸೀರೆಗಳನ್ನು ಗಂಟು ಕಟ್ಟಿಸಿ ಹೊರಗಿನ ಅಂಗಡಿಗಳಿಗೆ ಕಳಿಸುವ ದಲ್ಲಾಳಿ ಕೆಲಸ ಅವನದು. ನೇಯುವವರಿಗೆ ನೇಯುವುದನ್ನು ಹೇಳಿಕೊಟ್ಟ, ಉಡುವವರಿಗೆ ಉಡುವುದನ್ನು ಹೇಳಿಕೊಟ್ಟ, ಕೊನೆಗೆ ವ್ಯಾಪಾರ ಮಗ್ಗದವರೇ ನೇರವಾಗಿ ಮಾಡಿಕೊಳ್ಳುವಂತಾದಾಗ ಮನೆಯಲ್ಲಿ ಕೂತ. ಕೂತದ್ದು ಮೈ ಮಾತ್ರ. ಬಾಯಿ ಇನ್ನೂ ಅಂಗಡಿ ತೆರೆದೇ ಇತ್ತು.

ಊರಿನಲ್ಲಿ ಅವನಿಗೊಂದು ಹುದ್ದೆಯಿತ್ತು. ಬಸದಿಯ ಕಾರ್ಯವಿರಲಿ, ಸಮಾಜದ ಮದುವೆಯಿರಲಿ, ಊಟದ ಪಂಗತಿಯ ಉಸ್ತುವಾರಿ ಪಾರಿಸಪ್ಪನದು. ಸಾಲಾಗಿ ಕೂತವರ ನಡುವೆ ಸೌಟು ಹಿಡಿದು ಓಡಾಡುವುದು, ಯಾರಿಗೆ ಎಷ್ಟು ಬಡಿಸಬೇಕೆಂದು ಕೂಗುವುದು, ಕೊನೆಯವನ ಊಟ ಮುಗಿಯುವ ತನಕ ಮೊದಲನೆಯವನು ಏಳದಂತೆ ನೋಡಿಕೊಳ್ಳುವುದು. ಎಲೆಯಲ್ಲಿ ಕೈ ಒಣಗಿಸಿಕೊಂಡು ಕೂತ ನೂರು ಮಂದಿ ಅವನ ಮುಖ ನೋಡುತ್ತಿದ್ದರು. ಅವನು "ಹ್ಞಾಂ, ಏಳ್ರಿ" ಅಂದರೆ ಏಳಬೇಕು. ಆ ಒಂದು ಗಳಿಗೆಗಾಗಿಯೇ ಈ ಮನುಷ್ಯ ಹುಟ್ಟಿದ್ದಾನೆಂದು ಹೀರಾಗೆ ಅನ್ನಿಸುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಅಂತಾರೆ. ಇಲ್ಲಿ ಊರು ಹಾಳಾಗಿರಲಿಲ್ಲ, ಉಳಿದವರಿಗೆ ಕೆಲಸವಿತ್ತು, ಅಷ್ಟೇ.

ಒಂದು ದಿನ ಅವನ ಫೋನಿನ ಬ್ಯಾಟರಿ ಹಪ್ಪಳದಂತೆ ಉಬ್ಬಿತು. ಸಂತೆಯಲ್ಲಿ ತಳ್ಳುಗಾಡಿಯ ಮೇಲೆ ರಾಶಿ ಹಾಕಿ ಮಾರುವ ಅಗ್ಗದ ಚಾರ್ಜರ್ ಚುಚ್ಚಿ, ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಚಾರ್ಜರ್ ಎಸೆಯುತ್ತಿದ್ದರು, ಇಲ್ಲವೇ ದಿಂಬು ಬಿಡುತ್ತಿದ್ದರು. ಪಾರಿಸಪ್ಪ ಎರಡನ್ನೂ ಬಿಡದೆ ಒಂದು ಸಿದ್ಧಾಂತ ಹಿಡಿದ.

"ಹೊಟ್ಟಿ ಉಬ್ಬೇತಿ ನೋಡು," ಎಂದು ಬಸದಿಯ ಕಟ್ಟೆಯ ಮೇಲೆ ಫೋನು ತೋರಿಸುತ್ತ ಹೇಳಿದ. "ರಾತ್ರಿ ಉಂಡ್ರ ಮನಷ್ಯಾಗ ಏನ ಆಗತೈತಿ? ಅದ ಆಗೇತಿ. ಗಡಬಡ ಉಂಡ್ರ ಏನ ಆಗತೈತಿ? ಅಜೀರ್ಣ! ಈ ಫಾಸ್ಟ್ ಚಾರ್ಜರ್ ಅಂತ ಬಂದಾವಲ್ಲ, ಅವು ಫೋನಿಗೆ ವಿಷಾ ಹಾಕಿದಂಗ. ಸಾವಕಾಶ ಉಣಸಬೇಕು, ಹೊತ್ತ ಮುಣಗೂದ್ರಾಗ ಉಣಸಬೇಕು, ಎಲ್ಲಾರನೂ ಕೂಡಿಸಿ ಉಣಸಬೇಕು."

ಅವನ ಗೆಳೆಯ ಲಗಮಣ್ಣ ತಲೆದೂಗಿದ. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ ಲಗಮಣ್ಣ. ಒಬ್ಬ ತಲೆದೂಗಿದರೆ ಸಾಕು, ಪಾರಿಸಪ್ಪನಿಗೆ ಅದು ಶಾಸ್ತ್ರವಾಗುತ್ತದೆ.

ಮನೆಗೆ ಬಂದವನೇ ಪಡಸಾಲೆಯಲ್ಲಿ ಹಲಗೆಯೊಂದನ್ನು ಬಡಿದ. ಅದರ ತುದಿಗೆ ಎಂಟು ಬಾಯಿಯ ಡಬ್ಬಿಯೊಂದನ್ನು ಕಟ್ಟಿದ. ಎಂಟೂ ಬಾಯಿಗೆ ಕರೆಂಟು ಬರುವುದು ಒಂದೇ ಸಣ್ಣ ಅಡಾಪ್ಟರಿನಿಂದ; ಅದು ಹಿಂದೆ ಯಾವುದೋ ಬಟನ್ ಫೋನಿನ ಜೊತೆ ಬಂದದ್ದು. ಸಂಜೆ ನಾಲ್ಕರ ಮೇಲೆ ಮನೆಗೆ ಬಂದ ಫೋನುಗಳೆಲ್ಲ ಅಲ್ಲಿ ಸಾಲಾಗಿ ಕೂರಬೇಕು. ಹೊತ್ತು ಮುಳುಗುವವರೆಗೂ ಒಂದನ್ನೂ ಎಬ್ಬಿಸುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಒಂದನ್ನೂ ಕೂರಿಸುವಂತಿಲ್ಲ. ಪಾರಿಸಪ್ಪ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಸೂರ್ಯ ಇಳಿದದ್ದೇ "ಹ್ಞಾಂ, ಏಳ್ರಿ" ಎಂದು ಎಲ್ಲ ವೈರುಗಳನ್ನೂ ಕೀಳುತ್ತಿದ್ದ. ಇದಕ್ಕೆ ಅವನೇ ಪಂಗತಿ ಎಂದು ಹೆಸರಿಟ್ಟ.

ರಾತ್ರಿ ಉಣ್ಣದ ನೇಮವನ್ನು ಹೀರಾ ಹುಟ್ಟಿದಾಗಿನಿಂದ ಪಾಲಿಸಿದವಳು. ದೀಪಕ್ಕೆ ಮುತ್ತುವ ಹುಳ ಅನ್ನದಲ್ಲಿ ಬಿದ್ದು ಸಾಯಬಾರದೆಂದು ಹಿರಿಯರು ಮಾಡಿದ ನೇಮ ಅದು. ಅದರ ಬಗ್ಗೆ ಅವಳಲ್ಲಿ ಎರಡು ಮಾತಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಬಂತು.

"ಫೋನಿನ ಹೊಟ್ಟ್ಯಾಗ ಯಾವ ಹುಳಾ ಬೀಳತಾವ್ರಿ?" ಎಂದು ಒಮ್ಮೆ ಕೇಳಿದಳು.

"ನಿನಗ ತಿಳಿಯೂದುಲ್ಲ," ಅಂದ ಪಾರಿಸಪ್ಪ. ಮದುವೆಯಾದಂದಿನಿಂದ ಅವಳ ಪ್ರಶ್ನೆಗಳಿಗೆಲ್ಲ ಸಿಕ್ಕ ಉತ್ತರ ಇದೇ.

ಪಂಗತಿಯಲ್ಲಿ ಕೂತ ಫೋನುಗಳ ಪಾಡು ಹೇಳತೀರದು. ಎರಡು ಗಂಟೆ ಕೂತರೂ ಬ್ಯಾಟರಿ ಗುಬ್ಬಿ ಗುಟುಕಿನಷ್ಟು ಏರುತ್ತಿತ್ತು. ಯಾರಾದರೂ ಕೂತ ಫೋನಿನಲ್ಲೇ ಮಾತಾಡಿದರೆ ಚುಚ್ಚಿದ್ದ ಹಾಗೆಯೇ ಇಳಿಯುತ್ತಿತ್ತು. ಸೊಸೆ ಪ್ರಾಚಿ ರಬಕವಿಯ ಸಾಲೆಯಲ್ಲಿ ಟೀಚರು. ಅವಳು ಮಾವನಿಗೆ ಬಿಡಿಸಿ ಹೇಳಲು ನೋಡಿದಳು.

"ಮಾವಾರ, ನಮ್ಮ ಓಣ್ಯಾಗ ನಳಾ ಬಂದಾಗ ಎಲ್ಲಾರೂ ಮೋಟರ್ ಹಚ್ಚತಾರಲ್ರಿ, ಆಗ ಕಡೀ ಮನಿಗೆ ಬರೇ ಗಾಳಿ ಬರತೈತಿ. ಇದೂ ಹಂಗ. ಪೈಪ್ ಒಂದ, ಬಾಯಿ ಎಂಟು. ಮತ್ತ ಫಾಸ್ಟ್ ಚಾರ್ಜರ್ ಏನ ಬಲವಂತ ಮಾಡಿ ತುರಕೂದುಲ್ರಿ. ಫೋನು ಎಷ್ಟು ಕೇಳತೈತಿ, ಅಷ್ಟ ಕೊಡತೈತಿ."

"ನೀರು ಬ್ಯಾರೆ, ಕರೆಂಟ್ ಬ್ಯಾರೆ," ಅಂದ ಪಾರಿಸಪ್ಪ. "ನನ್ನ ಫೋನ್ ನೋಡು. ಆ ಉಬ್ಬಿದ ಬ್ಯಾಟರಿ ಬದಲಿ ಮಾಡಿದ್ದ ಬಿಟ್ರ, ಐದ ವರ್ಷ ಆತು, ಇನ್ನೂ ಹೆಂಗ ಐತಿ!"

ಐದು ವರ್ಷ ಬಾಳದೆ ಏನು ಮಾಡೀತು ಆ ಫೋನು? ಅವನಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಮಾಡಿದರೆ ಇಡಲು ಬಿಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮಗ ಕುಣಾಲ ಮುಧೋಳದ ಬ್ಯಾಂಕಿನಲ್ಲಿ ನೌಕರ. ಅವನು ಅಪ್ಪನೊಂದಿಗೆ ವಾದಕ್ಕೆ ಇಳಿಯದೆ ಬ್ಯಾಂಕಿನ ಮೇಜಿನ ಕೆಳಗೊಂದು ಒಳ್ಳೆಯ ಚಾರ್ಜರ್ ಇಟ್ಟುಕೊಂಡ. ಪ್ರಾಚಿ ಸಾಲೆಯ ಸ್ಟಾಫ್ ರೂಮಿನಲ್ಲಿ ಇಟ್ಟುಕೊಂಡಳು. ಇಬ್ಬರೂ ಫೋನನ್ನು ಹೊರಗೆ ಹೊಟ್ಟೆ ತುಂಬ ಉಣ್ಣಿಸಿ ತಂದು, ಸಂಜೆ ಪಂಗತಿಯಲ್ಲಿ ಕೂರಿಸುತ್ತಿದ್ದರು. ತುಂಬಿದ ಫೋನುಗಳನ್ನು ನೋಡಿ ಪಾರಿಸಪ್ಪ ಮೀಸೆ ತಿರುವುತ್ತಿದ್ದ. "ನೋಡ್ರಿ, ಸಾವಕಾಶ ಉಂಡ್ರೂ ಹೆಂಗ ತುಂಬ್ಯಾವು!"

ಆ ಮನೆಯಲ್ಲಿ ಹೊರಗೆ ಉಣ್ಣಲು ಜಾಗವಿಲ್ಲದ್ದು ಒಂದೇ ಒಂದು ವಸ್ತು. ಅದು ಹೀರಾಬಾಯಿಯ ಕಿವಿಯ ಯಂತ್ರ.

ಹೀರಾಗೆ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಕಿವಿಯ ಹತ್ತಿರ ಬಂದು ಕೂಗಿದರೆ ಕೇಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಹಿಂದಿನ ದೀಪಾವಳಿಗೆ ಪ್ರಾಚಿಯೇ ಅತ್ತೆಯನ್ನು ಜಮಖಂಡಿಗೆ ಕರೆದೊಯ್ದು, ಎರಡೂ ಕಿವಿಗೆ ಯಂತ್ರ ಹಾಕಿಸಿ ಕರೆತಂದಳು. ಕಡಲೆಕಾಳಿನಷ್ಟು ಪುಟ್ಟ ಯಂತ್ರಗಳು, ಅವನ್ನು ಮಲಗಿಸಲು ಕುಂಕುಮದ ಭರಣಿಯಂಥ ಪೆಟ್ಟಿಗೆ, ಪೆಟ್ಟಿಗೆಗೆ ಚುಚ್ಚಲು ಅದರದೇ ಅಡಾಪ್ಟರ್. ಮೂರು ತಾಸು ಚುಚ್ಚಿದರೆ ಇಡೀ ದಿನ ನಡೆಯುತ್ತಿತ್ತು. ಹೀರಾಗೆ ಒಗ್ಗರಣೆಯ ಸಾಸಿವೆ ಸಿಡಿಯುವುದು ಕೇಳಿಸಿತು. ಓಣಿಯ ಮಗ್ಗಗಳ ಖಟಾಖಟ ಕೇಳಿಸಿತು. ಎಲ್ಲಕ್ಕೂ ಬೆಲೆ ತೆರಬೇಕಲ್ಲ, ಗಂಡನ ಮಾತೂ ಕೇಳಿಸಿತು.

ಒಂದು ಸಂಜೆ ಪಾರಿಸಪ್ಪ ಸೊಸೆಯ ಕೋಣೆಯಲ್ಲಿ ಆ ಅಡಾಪ್ಟರನ್ನು ಕಂಡ. ಮುಟ್ಟಿ ನೋಡಿದ. ಬೆಚ್ಚಗಿತ್ತು.

"ಸುಡಾಕತ್ತೈತಿ!" ಎಂದು ಮನೆಯೆಲ್ಲ ಕೇಳುವಂತೆ ಕಿರುಚಿದ. "ಕಿವಿ ಒಳಗ ಹಾಕ್ಕೊಳ್ಳೂ ವಸ್ತು! ನಾಳೆ ಕಿವಿ ಸುಟ್ಟರ ಯಾರ ಹೊಣಿ?" ಅಡಾಪ್ಟರ್ ಅವನ ಕಪಾಟು ಸೇರಿತು, ಕಪಾಟಿನ ಚಾವಿ ಅವನ ಜನಿವಾರ ಸೇರಿತು. ಕಿವಿಯ ಪೆಟ್ಟಿಗೆ ಪಂಗತಿಯ ತುದಿಯ ಬಾಯಿಗೆ ಬಂದು ಕೂತಿತು. ಅಲ್ಲಿಂದ ಮುಂದೆ ಹೀರಾಗೆ ಬೆಳಿಗ್ಗೆ ಮಾತ್ರ ಕೇಳಿಸತೊಡಗಿತು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಕಿವಿಯೊಳಗೆ ಟುಣ್ ಟುಣ್ ಎಂದು ಸತ್ತುಹೋಗುತ್ತಿತ್ತು. ಅರ್ಧ ದಿನ ಗಂಡನ ಮಾತಿನಿಂದ ಬಿಡುಗಡೆ ಸಿಕ್ಕಿತಲ್ಲ ಎಂದು ಅವಳೂ ಬಾಯಿ ಬಿಡಲಿಲ್ಲ. ಹಾಗೆ ಸುಮ್ಮನಿದ್ದದ್ದು ಅವಳಿಗೆ ಮುಂದೆ ತುಟ್ಟಿಯಾಯಿತು.

ಹೀರಾಗೆ ಒಬ್ಬಳು ಅಕ್ಕ ಇದ್ದಳು, ಚಂಪಕ್ಕ. ಸಣ್ಣವಳಿದ್ದಾಗ ಹೀರಾ ಮಾತಿನ ಮಲ್ಲಿ. ವಟವಟ ಹೀರಿ ಎಂದು ಮನೆಯವರೆಲ್ಲ ಬೈದು ಓಡಿಸುತ್ತಿದ್ದರು. ಚಂಪಕ್ಕ ಮಾತ್ರ ರಾಟೆ ತಿರುಗಿಸುತ್ತ, ನೂಲು ಸುತ್ತುತ್ತ, ಅವಳ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದಳು. ಕೇಳಿ "ಮುಂದ?" ಅನ್ನುತ್ತಿದ್ದಳು. ಆ "ಮುಂದ?" ಅನ್ನುವ ದನಿ ಹೀರಾಗೆ ಇವತ್ತಿಗೂ ನೆನಪಿದೆ. ಮದುವೆಯ ಮಾತುಕತೆಗೆ ಬಂದವರನ್ನು ಹಿಂದಕ್ಕೆ ಕಳಿಸಿ ಚಂಪಕ್ಕ ದೀಕ್ಷೆ ತೆಗೆದುಕೊಂಡಳು, ಜೈನ ಸನ್ಯಾಸಿನಿ ಆರ್ಯಿಕೆಯಾದಳು, ಬಿಳಿ ಸೀರೆ ಉಟ್ಟು ನವಿಲುಗರಿಯ ಪಿಂಛಿ ಹಿಡಿದು ಬರಿಗಾಲಲ್ಲಿ ಹೊರಟುಹೋದಳು. ಆಮೇಲೆ ಹೀರಾಗೆ "ಮುಂದ?" ಅಂದವರು ಯಾರೂ ಇಲ್ಲ.

ಆ ಅಕ್ಕ ಇದ್ದ ಸನ್ಯಾಸಿನಿಯರ ಸಂಘ ಕಾಲ್ನಡಿಗೆಯ ವಿಹಾರ ಮಾಡುತ್ತ ಜಮಖಂಡಿಗೆ ಬಂದಿದೆ, ನಾಳೆ ಬನಹಟ್ಟಿಯ ಬಸದಿಗೆ ಬಂದು ಒಂದು ದಿನ ಇದ್ದು ಮುಧೋಳದ ಕಡೆ ಹೋಗುತ್ತದೆ ಎಂದು ಕುಣಾಲ ಸುದ್ದಿ ತಂದ. ಮಾತಾಜಿಗೆ, ಅಂದರೆ ಚಂಪಕ್ಕನಿಗೆ, ವಯಸ್ಸಾಗಿದೆ, ಮೈಕು ಬೇಡ ಅನ್ನುತ್ತಾರೆ, ದನಿ ಬಹಳ ಸಣ್ಣದು, ಕಿವಿಗೊಟ್ಟು ಕೂತವರಿಗಷ್ಟೇ ಕೇಳಿಸುತ್ತದೆ ಎಂದೂ ಹೇಳಿದ. ಈ ವಯಸ್ಸಿನಲ್ಲಿ ಇನ್ನೊಮ್ಮೆ ಅಕ್ಕ ಈ ದಾರಿಯಲ್ಲಿ ಬರುವುದು ಸುಳ್ಳು. ಆ ದನಿಯನ್ನು ಒಂದೇ ಒಂದು ಸಲ ಕೇಳಬೇಕು. ಹೀರಾಗೆ ಬೇರೇನೂ ಬೇಕಿರಲಿಲ್ಲ.

"ನಾಳಿಗೆ ಒಂದ ದಿನ ಆ ಅಡಾಪ್ಟರ್ ಕೊಡ್ರಿ," ಎಂದು ಗಂಡನನ್ನು ಕೇಳಿದಳು. "ನಮ್ಮ ಅಕ್ಕನ ಮಾತ ಕೇಳಬೇಕ್ರಿ ನನಗ."

"ಯಾಕ ಹೆದರತಿ? ಪಂಗತ್ಯಾಗ ಇಡು, ನಾ ನೋಡಕೋತೇನಿ. ಮೊದಲನೇ ಎಲಿ ನಿಂದ ಅಂತ ತಿಳಿ," ಎಂದ ಪಾರಿಸಪ್ಪ, ಎದೆ ಮುಟ್ಟಿಕೊಂಡು. ಕುಣಾಲ ಸಂಘದ ಜೊತೆ ನಡೆದು ಬರಲು ಜಮಖಂಡಿಗೆ ಹೋದ. ಪ್ರಾಚಿ ಮಾತಾಜಿಯವರ ಆಹಾರದ ಸಿದ್ಧತೆಗೆಂದು ಬಸದಿಗೆ ಹೋದಳು. ಹೀರಾ ಗಂಡನನ್ನು ನಂಬಿದಳು. ಇಷ್ಟು ವರ್ಷ ನೋಡಿದ ಮೇಲೂ ನಂಬಿದ್ದಕ್ಕೆ ಅವಳಿಗೆ ಮುಂದೆ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಆ ಸಂಜೆ ವ್ಯವಸ್ಥೆಯ ಮಾತಿಗೆಂದು ಕಮಿಟಿಯವರು ಮನೆಗೆ ಬಂದರು. ಪಂಗತಿಯ ಯಜಮಾನನ ಮನೆಗೆ ಬಂದವರ ಫೋನು ಉಪವಾಸ ಹೋಗುವುದುಂಟೇ? ಪಾರಿಸಪ್ಪ ಒಬ್ಬೊಬ್ಬರ ಕೈಯಿಂದ ಫೋನು ಕಸಿದುಕೊಂಡು ಕೂರಿಸಿದ. ಲಗಮಣ್ಣನ ಫೋನು ಕೂತಿತು, ಅವನ ಇಟ್ಟಿಗೆಯಂಥ ಪವರ್ ಬ್ಯಾಂಕೂ ಕೂತಿತು. ಎಂಟೂ ಬಾಯಿ ತುಂಬಿದವು. ತುದಿಯಲ್ಲಿದ್ದ ಕಿವಿಯ ಪೆಟ್ಟಿಗೆಯ ದೀಪ ಹಸಿರಾಗುವ ಬದಲು ಕೆಂಪಗೆ ಮಿಣುಕತೊಡಗಿತು. ಹೀರಾ ಅದನ್ನು ನೋಡಿ ಗಂಡನಿಗೆ ಕೈ ಮಾಡಿ ತೋರಿಸಿದಳು.

"ಉಣ್ಣಾಕತ್ತೈತಿ ಅದು, ಉಣ್ಣಾಕತ್ತೈತಿ!" ಎಂದು ಅವಳ ಕಿವಿಯ ಹತ್ತಿರ ಬಂದು ಕೂಗಿದ. ಹೊತ್ತು ಮುಳುಗಿತು. "ಹ್ಞಾಂ, ಏಳ್ರಿ" ಎಂದು ಎಲ್ಲವನ್ನೂ ಕಿತ್ತ.

ಮರುದಿನ ಬಸದಿಯಲ್ಲಿ ಹೀರಾ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಳು. ಯಂತ್ರವನ್ನು ದಾರಿಯಲ್ಲಿ ಬಳಸಿ ಖರ್ಚು ಮಾಡಬಾರದೆಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಮಾತಾಜಿ ಬಂದು ಮಣೆಯ ಮೇಲೆ ಕೂತರು. ಮುಖ ಸುಕ್ಕಾಗಿತ್ತು, ಮೈ ಕಡ್ಡಿಯಾಗಿತ್ತು, ಕಣ್ಣು ಮಾತ್ರ ಚಂಪಕ್ಕನದೇ. ಹೀರಾ ಸೆರಗಿನ ಗಂಟು ಬಿಚ್ಚಿ ಯಂತ್ರಗಳನ್ನು ಕಿವಿಗಿಟ್ಟುಕೊಂಡಳು. ಬಸದಿಯ ಗಂಟೆ ಕೇಳಿಸಿತು. ಹೆಂಗಸರ ಬಳೆ ಕೇಳಿಸಿತು. ಮಾತಾಜಿ ಮಾತಿಗೆ ಮೊದಲು ಒಮ್ಮೆ ಕೆಮ್ಮಿದರು. ಅದೂ ಕೇಳಿಸಿತು. ಸತ್ತ ಅವ್ವ ಹೀಗೇ ಕೆಮ್ಮುತ್ತಿದ್ದಳು ಎಂದು ಹೀರಾಗೆ ನೆನಪಾಯಿತು.

ಟುಣ್, ಟುಣ್ ಎಂದಿತು ಯಂತ್ರ. ಆಮೇಲೆ ಏನೂ ಇಲ್ಲ.

ಮಾತಾಜಿಯ ತುಟಿ ಆಡುತ್ತಿತ್ತು. ಜನ ಕೈ ಮುಗಿದು ಕೇಳುತ್ತಿದ್ದರು, ಒಮ್ಮೆ ನಕ್ಕರು, ಒಮ್ಮೆ ಕಣ್ಣೊರೆಸಿಕೊಂಡರು. ಹೀರಾ ಗೋಡೆ ನೋಡಿದಂತೆ ನೋಡುತ್ತ ಕೂತಳು. ಎದುರಿನ ಕಂಬದ ಹತ್ತಿರ ಗಂಡ ಹೆಗಲ ಮೇಲೆ ವಲ್ಲಿ ಹಾಕಿಕೊಂಡು, ಪ್ರವಚನವನ್ನೂ ತಾನೇ ಹೇಳಿಕೊಟ್ಟವನಂತೆ ತಲೆದೂಗುತ್ತ ನಿಂತಿದ್ದ. ಈ ಮನುಷ್ಯನಿಗೆ ಇಷ್ಟು ವರ್ಷ ಅನ್ನ ಬಡಿಸಿದ ಕೈಯನ್ನು ಅವಳು ಒಮ್ಮೆ ತಿರುಗಿಸಿ ನೋಡಿಕೊಂಡಳು.

ಪ್ರವಚನ ಮುಗಿದು ಜನ ದರ್ಶನಕ್ಕೆ ಸಾಲುಗಟ್ಟಿದರು. ಹೀರಾ ಮುಂದೆ ಹೋಗಿ "ವಂದಾಮಿ ಮಾತಾಜಿ" ಎಂದು ನೆಲ ಮುಟ್ಟಿದಳು. ಪಿಂಛಿ ಮೇಲೆದ್ದು ಆಶೀರ್ವಾದ ಮಾಡಿತು. ಮನೆ ಮಾರು ಬಿಟ್ಟವರು, ತಂಗಿಯನ್ನೂ ಊರ ಹೆಂಗಸರನ್ನೂ ಒಂದೇ ಕಣ್ಣಿನಿಂದ ನೋಡಬೇಕಾದವರು. ಆದರೂ ಮಾತಾಜಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ತುಟಿ ಆಡಿತು. ಏನೋ ಕೇಳಿದರು.

"ಏನಂದ್ರು?" ಎಂದು ಹೀರಾ ಪಕ್ಕಕ್ಕೆ ತಿರುಗಿ ಕೇಳಿದಳು. ಕಿವುಡರ ದನಿ ಜೋರು. ಬಸದಿಯೆಲ್ಲ ತಿರುಗಿ ನೋಡಿತು. ದರ್ಶನದ ಸಾಲು ನಡೆಸಲು ಬಂದು ಪಕ್ಕದಲ್ಲಿ ನಿಂತಿದ್ದವನು ಪಾರಿಸಪ್ಪ. ಅವನ ಮುಖ ಕೆಂಪಾಗಿತ್ತು. ಎಂದೂ ತಡವರಿಸದ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಆರೋಗ್ಯ ಹೆಂಗೈತಿ ಅಂತ ಕೇಳತಾರ!" ಎಂದು ಅವಳ ಕಿವಿಯಲ್ಲಿ ಕೂಗಿದ.

"ಛಲೋ ಐತ್ರಿ ಮಾತಾಜಿ," ಅಂದಳು ಹೀರಾ. "ಏನೂ ಕೊರತಿ ಇಲ್ರಿ. ಮೊಣಕಾಲಷ್ಟ ನೋಯ್ತಾವು."

ಹಿಂದೆ ನಿಂತ ಹೆಂಗಸರು ಯಾರೂ ನಗಲಿಲ್ಲ. ಮಾತಾಜಿ ಪಾರಿಸಪ್ಪನನ್ನು ನೋಡಿದರು, ಆಮೇಲೆ ಕಣ್ಣು ತಗ್ಗಿಸಿದರು. ಸಾಲು ಮುಂದೆ ಸರಿಯಿತು. ಮರುದಿನ ಬೆಳಕು ಹರಿದ ಮೇಲೆ ಸಂಘ ಮುಧೋಳದ ದಾರಿ ಹಿಡಿಯಿತು. ಹೀರಾ ಊರ ಹೊರಗಿನ ತನಕ ಹೋಗಿ, ಕಬ್ಬಿನ ಗದ್ದೆಗಳ ನಡುವೆ ಬಿಳಿ ಸೀರೆ ಕಾಣದಾಗುವವರೆಗೂ ನಿಂತು ಬಂದಳು.

ಬಂದವಳೇ ಗಂಡನ ಮುಂದೆ ಅಂಗೈ ಚಾಚಿದಳು. "ಚಾವಿ," ಅಂದಳು. ಮಾತಿಗೆ ರಿ ಹಚ್ಚಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು. ಪಾರಿಸಪ್ಪ ಅವಳ ಮುಖ ನೋಡಿ ಜನಿವಾರದಿಂದ ಚಾವಿ ಬಿಚ್ಚಿ ಕೊಟ್ಟ. ಅಡಾಪ್ಟರ್ ಅಡುಗೆಮನೆಯ ಗೋಡೆಗೆ ಬಂತು. ಕಿವಿಯ ಪೆಟ್ಟಿಗೆ ಅದಕ್ಕೆ ಒಂಟಿಯಾಗಿ ಕೂತು, ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಹಸಿರಾಯಿತು. ಹೀರಾ ಯಂತ್ರಗಳನ್ನು ಕಿವಿಗಿಟ್ಟುಕೊಂಡಳು. ಅಂದು ಸಾಲೆಗೆ ರಜೆ ಹಾಕಿದ್ದ ಪ್ರಾಚಿ ಇದಕ್ಕೇ ಕಾಯುತ್ತಿದ್ದವಳಂತೆ ಒಲೆಯ ಹತ್ತಿರ ಬಂದಳು.

"ಅತ್ತೀ, ನಿನ್ನೆ ಮಾತಾಜಿ ಆರೋಗ್ಯ ಕೇಳಲಿಲ್ರಿ."

"ಮತ್ತ?"

ಪ್ರಾಚಿ ತಲೆ ತಗ್ಗಿಸಿ ಹೇಳಿದಳು. "'ಹೀರೀ, ಮನ್ಯಾಗ ನಿನ್ನ ಮಾತ ಕೇಳವರು ಯಾರರೆ ಅದಾರೇನು?' ಅಂತ ಕೇಳಿದ್ರು. ನಾ ಹಿಂದ ನಿಂತಿದ್ನಿ. ಮಾವಾರು ಅಂದದ್ದನ್ನ ನಾನರೆ ಅಲ್ಲೇ ತಿದ್ದಬೇಕಾಗಿತ್ತು, ಬಾಯಿ ಬರಲಿಲ್ಲ."

ಹೀರಾಳ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ವಾಸನೆ ಬಂತು. ಪ್ರಾಚಿಯೇ ಬಗ್ಗಿ ತೆಗೆದಳು.

"ನಾ ಏನಂದ್ನಿ ಆಗ?"

"ಏನೂ ಕೊರತಿ ಇಲ್ಲ ಅಂದ್ರಿ."

ಹೀರಾ ಅಳಲಿಲ್ಲ. ಅಕ್ಕ ಆ ಉತ್ತರವನ್ನು ಹೊತ್ತುಕೊಂಡು ನಡೆದು ಹೋಗಿದ್ದಳು. ಅದನ್ನು ಹಿಂದಕ್ಕೆ ಕರೆಯಲು ಯಾವ ಫೋನೂ ಇಲ್ಲ. ಮಾತಾಜಿಯವರು ಫೋನು ಮುಟ್ಟುವುದಿಲ್ಲ. ಅವಳು ಉಳಿದ ರೊಟ್ಟಿಗಳನ್ನು ಬಡಿದು ಮುಗಿಸಿದಳು. ಅಂದು ಹಿಟ್ಟಿಗೆ ಏನೂ ಹೇಳಲಿಲ್ಲ.

ಊಟಕ್ಕೆ ಕೂತ ಪಾರಿಸಪ್ಪನಿಗೆ ಧೈರ್ಯ ಮರಳಿತ್ತು. ಮೊದಲ ತುತ್ತು ಇಳಿಸಿದವನೇ ಶುರು ಮಾಡಿದ. "ಖರೆ ಅಂದ್ರ ಆ ಯಂತ್ರನ ಖೊಟ್ಟಿ ಐತಿ. ನಮ್ಮ ಪಂಗತಿದೇನ ತಪ್ಪಿಲ್ಲ. ಯಾಕಂದ್ರ ಕರೆಂಟ್ ಅನ್ನೂದು..."

ಹೀರಾ ಎರಡೂ ಕೈ ಎತ್ತಿ ಎರಡೂ ಕಿವಿಯ ಯಂತ್ರ ತೆಗೆದಳು. ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು. ಪಡಸಾಲೆಗೆ ಹೋಗಿ ಅದನ್ನು ಪಂಗತಿಯ ತುದಿಯ ಬಾಯಿಗೆ ಚುಚ್ಚಿ ಬಂದಳು.

ಗಂಡನ ತುಟಿ "ನಾ ಮಾತಾಡಾಕತ್ತೇನಲ್ಲ!" ಅನ್ನುತ್ತಿರುವುದು ಅವಳಿಗೆ ಕಂಡಿತು.

"ಚಾರ್ಜಿಗಿ ಇಟ್ಟೇನ್ರಿ," ಅಂದಳು. "ನೀವ ಹೇಳೀರಲ್ಲ, ಸಾವಕಾಶ ಉಣ್ಣಲಿ."

ಅಂದಿನಿಂದ ಹಾಗೆಯೇ ನಡೆದಿದೆ. ಪ್ರಾಚಿ ಸಾಲೆಯಿಂದ ಬಂದರೆ ಯಂತ್ರ ಕಿವಿಯಲ್ಲಿರುತ್ತದೆ. ಅತ್ತೆ ಒಲೆಯ ಮುಂದೆ ಕೂತು ಮಾತಾಡುತ್ತಾಳೆ, ಸೊಸೆ ಸೊಪ್ಪಿನ ಪಲ್ಯೆ ಸೋಸುತ್ತ "ಮುಂದ ಏನಾತ್ರಿ?" ಅನ್ನುತ್ತಾಳೆ. ಪಾರಿಸಪ್ಪ ಗಂಟಲು ಸರಿಮಾಡಿಕೊಂಡು ಹೊಸ್ತಿಲ ಹತ್ತಿರ ಬಂದರೆ ಹೀರಾಳ ಕೈ ಕಿವಿಗೆ ಹೋಗುತ್ತದೆ, ಯಂತ್ರ ಪಂಗತಿಗೆ ಹೋಗುತ್ತದೆ. ಈ ಸಿದ್ಧಾಂತದಲ್ಲಿ ತಪ್ಪು ಹಿಡಿಯಲು ಅವನಿಗೆ ಬರುವುದಿಲ್ಲ, ಅದು ಅವನದೇ. ಕುಣಾಲ ಬ್ಯಾಂಕಿನ ಕೆಲಸ ಅನ್ನುತ್ತಾನೆ, ಲಗಮಣ್ಣನೂ ಪವರ್ ಬ್ಯಾಂಕು ಕೆಟ್ಟ ಮೇಲೆ ಈ ಕಡೆ ಬಂದಿಲ್ಲ. ಹೇಳುವುದು ಬೆಟ್ಟದಷ್ಟಿದೆ, ಕೇಳುವ ಕಿವಿ ಇಲ್ಲ. ಹೀರಾಳಂತೆ ಹಿಟ್ಟಿಗಾದರೂ ಹೇಳಿಕೊಳ್ಳೋಣವೆಂದರೆ, ಎಲ್ಲವನ್ನೂ ತಿಳಿದ ಪಾರಿಸಪ್ಪನಿಗೆ ರೊಟ್ಟಿ ಬಡಿಯಲು ಬರುವುದಿಲ್ಲ.